ಏಳು ದಿನದ ರಂಗೂನು

ವಿಶಾಖಪಟ್ಟಣದ ಕಂಚರಪಾಲೆಂ ಕಡೆ ಓಡಾಡುವವರಿಗೆ 'ಬರ್ಮಾ ಕ್ಯಾಂಪ್' ಎಂಬ ಬಡಾವಣೆಯ ಹೆಸರು ಹೊಸದಲ್ಲ. ಉಕ್ಕಿನ ಕಾರ್ಖಾನೆ, ಹಡಗುಕಟ್ಟೆ, ಬಂದರು, ನೌಕಾನೆಲೆ ಎಂದು ಹೊಟ್ಟೆಪಾಡಿಗಾಗಿ ಇತ್ತ ಬಂದು ಗಾಜುವಾಕದ ಸುತ್ತಮುತ್ತ ಮನೆ ಮಾಡಿಕೊಂಡಿರುವ ನಮ್ಮಂಥ ಕನ್ನಡ ಕುಟುಂಬಗಳೂ ಆ ಹೆಸರನ್ನು ನೂರಾರು ಸಲ ಕೇಳಿದ್ದೇವೆ. ಆದರೆ ಅಲ್ಲಿ ಬರ್ಮಾ ಏಕೆ ಬಂತು, ಕ್ಯಾಂಪ್ ಏಕೆ ಬಂತು ಎಂದು ವಿಚಾರಿಸುವ ಗೋಜಿಗೆ ಹೋಗಿಲ್ಲ. ಬರ್ಮಾ ಎಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ತೇಗದ ಮರ, ಮಂಡಾಲೆಯ ಸೆರೆಮನೆ, ನೇತಾಜಿಯ ಸೇನೆ, ಇಷ್ಟೇ. ಈಚಿನ ವರ್ಷಗಳಲ್ಲಿ ಪ್ರವಾಸ ಕಂಪನಿಗಳ ಕರಪತ್ರಗಳಲ್ಲಿ ಚಿನ್ನದ ಪಗೋಡಗಳ ಚಿತ್ರ ನೋಡಿ, ಒಮ್ಮೆ ಹೋಗಿ ಬಂದರೆ ಹೇಗೆ ಎಂದು ಯೋಚಿಸಿದವರೂ ನಮ್ಮಲ್ಲಿ ಇದ್ದಾರೆ. ಸೇನೆಯ ಆಡಳಿತವಿರುವ ದೇಶಕ್ಕೆ ಪ್ರವಾಸಿಯಾಗಿ ಹೋದರೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತಿಳಿಯಲು ಬರ್ಮಾದಂಥ ಉದಾಹರಣೆ ಬೇರೆ ಇಲ್ಲ. ಆ ಕಥೆಯ ಒಂದು ತುದಿ ನಮ್ಮ ವಿಶಾಖಪಟ್ಟಣದಲ್ಲೇ ಇದೆ.

ಆಂಧ್ರದ ಕರಾವಳಿಗೂ ಬರ್ಮಾಕ್ಕೂ ಇದ್ದ ಸಂಬಂಧ ಬಹಳ ಹಳೆಯದು. ಗೋದಾವರಿಯ ಮುಖಜ ಭೂಮಿಯಲ್ಲಿ ಕೋರಂಗಿ ಎಂಬ ರೇವು ಇತ್ತು. 1839ರ ಚಂಡಮಾರುತದಲ್ಲಿ ಅದು ಹಾಳಾಯಿತು. ಊರು ಹಾಳಾದರೂ ಹೆಸರು ಉಳಿಯಿತು. ಬರ್ಮಾದಲ್ಲಿ ತೆಲುಗು ಕೂಲಿಕಾರರನ್ನೆಲ್ಲ 'ಕೋರಂಗಿ'ಗಳೆಂದೇ ಕರೆಯುತ್ತಿದ್ದರು. ಕೆಳ ಬರ್ಮಾವನ್ನು ಇಂಗ್ಲಿಷರು ಹಿಡಿದ ಮೇಲೆ ಐರಾವತಿ ನದಿಯ ಬಯಲಿನಲ್ಲಿ ಭತ್ತದ ಬೆಳೆ ವಿಪರೀತವಾಗಿ ಹೆಚ್ಚಿತು. ಅಕ್ಕಿ ಗಿರಣಿಗಳಿಗೆ, ಹಡಗಿಗೆ ಮೂಟೆ ತುಂಬುವುದಕ್ಕೆ, ರಿಕ್ಷಾ ಎಳೆಯುವುದಕ್ಕೆ ಜನ ಬೇಕಾಯಿತು. ಗಂಜಾಂ, ವಿಶಾಖಪಟ್ಟಣ, ಗೋದಾವರಿ ಜಿಲ್ಲೆಗಳಲ್ಲಿ ಬರ ಬಂದಾಗ ಮೇಸ್ತ್ರಿಗಳು ಮುಂಗಡ ಕೊಟ್ಟು ಜನರನ್ನು ಕೂಡಿಹಾಕುತ್ತಿದ್ದರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳು ಕಾಕಿನಾಡ, ವಿಶಾಖಪಟ್ಟಣ, ಭೀಮುನಿಪಟ್ಟಣ, ಗೋಪಾಲಪುರಗಳಿಂದ ಇವರನ್ನು ರಂಗೂನಿಗೆ ಒಯ್ಯುತ್ತಿದ್ದವು. ವಿಶಾಖಪಟ್ಟಣದ ಈಗಿನ ಬಂದರು ತೆರೆದದ್ದು 1933ರಲ್ಲಿ. ಅದಕ್ಕೆ ಮುಂಚೆ ಹಡಗು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ಅಲೆಗಳ ಮೇಲೆ ಹೋಗಿ ಅದನ್ನು ಹತ್ತಬೇಕಾಗಿತ್ತು.

1931ರ ಜನಗಣತಿಯ ವೇಳೆಗೆ ಬರ್ಮಾದಲ್ಲಿದ್ದ ಭಾರತೀಯರ ಸಂಖ್ಯೆ ಹತ್ತು ಲಕ್ಷವನ್ನು ದಾಟಿತ್ತು. ರಂಗೂನ್ ನಗರದ ಸುಮಾರು ನಾಲ್ಕು ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತೀಯರೇ. ಬರ್ಮಾದ ರಾಜಧಾನಿಯಲ್ಲಿ ಬರ್ಮೀಯರೇ ಅಲ್ಪಸಂಖ್ಯಾತರಾಗಿದ್ದರು ಎಂದರೆ ಅವರ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ಊಹಿಸಬಹುದು. 1930ರ ಮೇ ತಿಂಗಳಲ್ಲಿ ಬಂದರಿನ ತೆಲುಗು ಕೂಲಿಗಳು ಹೆಚ್ಚಿನ ಕೂಲಿಗಾಗಿ ಮುಷ್ಕರ ಹೂಡಿದರು. ಗುತ್ತಿಗೆದಾರರು ಅವರ ಜಾಗಕ್ಕೆ ಬರ್ಮೀಯರನ್ನು ತಂದರು. ಮುಷ್ಕರ ಮುಗಿದು ಹಳಬರು ಕೆಲಸಕ್ಕೆ ಮರಳಿದ ದಿನ ಹೊಸಬರನ್ನು ಹೊರಗಟ್ಟಲಾಯಿತು. ಆ ದಿನ ಎದ್ದ ಗಲಭೆಯಲ್ಲಿ ನೂರಕ್ಕೂ ಮಿಕ್ಕಿ ಜನ ಸತ್ತರು. ಲಾಭ ಮಾಡಿಕೊಂಡವನು ಗುತ್ತಿಗೆದಾರ, ಹೊಡೆದಾಡಿಕೊಂಡವರು ಇಬ್ಬರು ಬಡವರು. 1937ರಲ್ಲಿ ಬರ್ಮಾ ಭಾರತದಿಂದ ಬೇರ್ಪಟ್ಟಿತು. 1941ರ ಡಿಸೆಂಬರಿನಲ್ಲಿ ಜಪಾನೀಯರು ರಂಗೂನಿನ ಮೇಲೆ ಬಾಂಬು ಹಾಕಿದಾಗ ಲಕ್ಷಾಂತರ ಭಾರತೀಯರು ಕಾಡು, ಬೆಟ್ಟ ಹತ್ತಿ ನಡೆದುಕೊಂಡೇ ಅಸ್ಸಾಮಿನತ್ತ ಹೊರಟರು. ದಾರಿಯಲ್ಲಿ ಸತ್ತವರ ಲೆಕ್ಕ ಇಟ್ಟವರಿಲ್ಲ. ಊರು ಸೇರಿದವರಿಗೆ ಅಲ್ಲಿಯೂ ನೆಮ್ಮದಿ ಇರಲಿಲ್ಲ. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೆಯೂ ಬಾಂಬು ಬಿತ್ತು.

ಯುದ್ಧ ಮುಗಿದ ಮೇಲೆ ಅನೇಕರು ಮತ್ತೆ ಹೋದರು. ಹುಟ್ಟಿ ಬೆಳೆದ ಊರು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. 1948ರಲ್ಲಿ ಬರ್ಮಾ ಸ್ವತಂತ್ರವಾಯಿತು. ಹದಿನಾಲ್ಕು ವರ್ಷಗಳ ನಂತರ, 1962ರ ಮಾರ್ಚ್ 2ರಂದು, ಸೇನಾಪತಿ ನೆ ವಿನ್ ಅಧಿಕಾರವನ್ನು ಕಸಿದುಕೊಂಡರು. ಅದೇ ಜುಲೈನಲ್ಲಿ ರಂಗೂನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಕಟ್ಟಡವನ್ನೇ ಸಿಡಿಮದ್ದು ಇಟ್ಟು ಉರುಳಿಸಲಾಯಿತು. 1963ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು, 1964ರ ಮಾರ್ಚಿನಲ್ಲಿ ಅಂಗಡಿಗಳು. ದಿನಸಿ ಅಂಗಡಿ, ಬಟ್ಟೆ ಅಂಗಡಿ ಯಾವುದನ್ನೂ ಬಿಡಲಿಲ್ಲ. ಮೇ ತಿಂಗಳಲ್ಲಿ ಐವತ್ತು ಮತ್ತು ನೂರು ಕ್ಯಾತಿನ ನೋಟುಗಳು ರದ್ದಾದವು. ಭಾರತೀಯರು ಮತ್ತೆ ಹಡಗು ಹತ್ತಿದರು, ಆದರೆ ಈ ಸಲ ಮರಳಿ ಹೋಗುವ ಮಾತಿರಲಿಲ್ಲ. ಒಡವೆಯನ್ನಾಗಲಿ ಹಣವನ್ನಾಗಲಿ ಜೊತೆಗೆ ತರುವಂತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ಹೀಗೆ ಬಂದರು. ಮದರಾಸಿನಲ್ಲಿ ಬರ್ಮಾ ಬಜಾರ್ ಹುಟ್ಟಿದ್ದು ಇವರಿಂದಲೇ. ಇವರಿಗೆ ಸಾಲ ಕೊಡಲೆಂದೇ 1969ರಲ್ಲಿ ರೆಪ್ಕೋ ಬ್ಯಾಂಕ್ ಸ್ಥಾಪನೆಯಾಯಿತು. ನಮ್ಮ ಬರ್ಮಾ ಕ್ಯಾಂಪ್ ಕೂಡ ಇದೇ ನಿರಾಶ್ರಿತರ ನೆಲೆ.

ಇನ್ನು ಪ್ರವಾಸಿಗರ ವಿಷಯಕ್ಕೆ ಬರೋಣ. ನೆ ವಿನ್ ಆಡಳಿತಕ್ಕೆ ಪರದೇಶಿಯರೆಂದರೆ ಆಗದು. ಮೊದಲ ಕೆಲವು ವರ್ಷ ವಿಮಾನ ಬದಲಿಸುವವನಿಗೆ ಇಪ್ಪತ್ತನಾಲ್ಕು ಗಂಟೆಯ ವೀಸಾ ಸಿಕ್ಕರೆ ಅದೇ ದೊಡ್ಡದು. ಆಮೇಲೆ ವಿದೇಶಿ ಹಣದ ಅಭಾವ ಕಾಡತೊಡಗಿದಾಗ ಏಳು ದಿನಕ್ಕೆ ಏರಿಸಿದರು. 1970 ಮತ್ತು 80ರ ದಶಕಗಳಲ್ಲಿ ಬರ್ಮಾ ನೋಡಿದವರೆಲ್ಲ ಏಳು ದಿನದಲ್ಲಿ ನೋಡಿದವರೇ. ರಂಗೂನಿನಿಂದ ರೈಲಿನಲ್ಲಿ ಮಂಡಾಲೆ, ಅಲ್ಲಿಂದ ಪಗಾನ್, ಸಾಧ್ಯವಾದರೆ ಇನ್ಲೆ ಸರೋವರ, ಮತ್ತೆ ಓಡೋಡಿ ರಂಗೂನು. ಎಲ್ಲ ಟಿಕೆಟ್ಟೂ ಸರಕಾರದ 'ಟೂರಿಸ್ಟ್ ಬರ್ಮಾ' ಕಚೇರಿಯ ಮೂಲಕವೇ ಆಗಬೇಕು. ತಂದ ಡಾಲರಿಗೆಲ್ಲ ಒಂದು ನಮೂನೆಯಲ್ಲಿ ಲೆಕ್ಕ ಕೊಡಬೇಕು, ಹೊರಡುವಾಗ ಆ ಲೆಕ್ಕ ತಾಳೆಯಾಗಬೇಕು. ಸರಕಾರದ ದರದಲ್ಲಿ ಡಾಲರಿಗೆ ಆರೇಳು ಕ್ಯಾತ್ ಸಿಕ್ಕರೆ ಬೀದಿಯಲ್ಲಿ ಅದರ ಹಲವು ಪಟ್ಟು. ಹೀಗಾಗಿ ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ ಒಂದು ಬಾಟಲಿ ಜಾನಿ ವಾಕರ್ ವಿಸ್ಕಿ, ಒಂದು ಪೆಟ್ಟಿಗೆ 555 ಸಿಗರೇಟು ಕೊಂಡು ತಂದು, ರಂಗೂನಿನಲ್ಲಿ ಇಳಿದೊಡನೆ ಟ್ಯಾಕ್ಸಿಯವನಿಗೆ ಮಾರಿ ವಾರದ ಖರ್ಚು ಸರಿದೂಗಿಸುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಕಾನೂನು ಬಿಗಿಯಾದಷ್ಟೂ ಕಳ್ಳದಾರಿ ಸಲೀಸು ಎಂಬುದಕ್ಕೆ ಸರಕಾರಿ ಕಚೇರಿಗಳಲ್ಲಿ ಕೆಲಸ ಮಾಡುವ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಏಳು ದಿನದ ಪ್ರವಾಸಿಗರಲ್ಲಿ ಅಮೆರಿಕನ್ನರೂ ಜರ್ಮನರೂ ಮಾತ್ರ ಇದ್ದರೆಂದು ತಿಳಿಯಬಾರದು. ಗಾಜುವಾಕದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ವೃದ್ಧರಿದ್ದಾರೆ. ನಮ್ಮ ಮಕ್ಕಳು ಅವರನ್ನು ತಾತಗಾರು ಎಂದು ಕರೆಯುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ. ರಂಗೂನಿನಲ್ಲಿ ಹುಟ್ಟಿ, ಇಪ್ಪತ್ತನೆಯ ವಯಸ್ಸಿನಲ್ಲಿ, 1964ರಲ್ಲಿ, ತಂದೆತಾಯಿಯೊಡನೆ ಇಲ್ಲಿಗೆ ಬಂದವರು. ಅವರ ಅಕ್ಕ ಬರಲಿಲ್ಲ, ಬರ್ಮೀ ಬೌದ್ಧ ಮಾಸ್ತರರೊಬ್ಬರನ್ನು ಮದುವೆಯಾಗಿ ಅಲ್ಲೇ ಉಳಿದುಬಿಟ್ಟರು. ತಾಯಿ ತೀರಿಕೊಂಡ ಮೇಲೆ, 1982ರ ಜನವರಿಯಲ್ಲಿ, ತಾತಗಾರು ಕಲ್ಕತ್ತೆಯಿಂದ ವಿಮಾನ ಹತ್ತಿ ರಂಗೂನಿಗೆ ಹೋದರು. ಹುಟ್ಟಿದ ಊರಿಗೆ ಹೋಗಲು ಅವರಿಗೆ ಸಿಕ್ಕಿದ್ದೂ ಅದೇ ಏಳು ದಿನದ ವೀಸಾ. ಬಾಳಿನಲ್ಲಿ ಮದ್ಯ ಮುಟ್ಟದ ಮನುಷ್ಯ ಒಂದು ಕೈಯಲ್ಲಿ ವಿಸ್ಕಿ ಬಾಟಲಿ, ಇನ್ನೊಂದು ಕೈಯಲ್ಲಿ ಅಕ್ಕನಿಗೆಂದು ಆವಕಾಯಿ ಜಾಡಿ ಹಿಡಿದುಕೊಂಡು ಇಳಿದರಂತೆ.

ಅಕ್ಕನ ಮನೆಯಲ್ಲಿ ತಂಗುವಂತಿರಲಿಲ್ಲ. ಪರದೇಶಿಯರು ಸರಕಾರ ಒಪ್ಪಿದ ಹೋಟೆಲಿನಲ್ಲೇ ಮಲಗಬೇಕು. ಬರ್ಮೀಯರ ಮನೆಗೆ ಬೇರೆ ಊರಿನ ಸ್ವಂತ ನೆಂಟ ಬಂದು ರಾತ್ರಿ ಉಳಿದರೂ ವಾರ್ಡಿನ ಅಧಿಕಾರಿಗೆ ಹೆಸರು ಬರೆಸಬೇಕು. ಇದು ಇಂಗ್ಲಿಷರ ಕಾಲದಿಂದ ಬಂದ ಕಾನೂನು, ಸೇನೆಯವರು ಅದನ್ನು ಜೋಪಾನವಾಗಿ ಇಟ್ಟುಕೊಂಡರು. ಪರದೇಶಿಯೊಡನೆ ಮಾತಾಡಿದರೆ ಯಾರು ಏನು ಬರೆದುಕೊಳ್ಳುತ್ತಾರೋ ಎಂಬ ಅಂಜಿಕೆ ಬೇರೆ. ಅದಕ್ಕೇ ಅಕ್ಕ ಕಾಗದದಲ್ಲಿ ಮೊದಲೇ ಬರೆದಿದ್ದರು: ಶ್ವೇಡಗಾನ್ ಪಗೋಡದಲ್ಲಿ ಶನಿವಾರದ ಮೂಲೆಗೆ ಬಾ ಎಂದು.

ಇದನ್ನು ಸ್ವಲ್ಪ ವಿವರಿಸಬೇಕು. ಬರ್ಮೀಯರಿಗೆ ಹುಟ್ಟಿದ ವಾರ ಬಹಳ ಮುಖ್ಯ. ಬುಧವಾರವನ್ನು ಮಧ್ಯಾಹ್ನದಲ್ಲಿ ಎರಡಾಗಿ ಒಡೆದು ವಾರಕ್ಕೆ ಎಂಟು ಭಾಗ ಮಾಡಿ, ಎಂಟು ದಿಕ್ಕುಗಳಿಗೆ ಹಂಚಿದ್ದಾರೆ. ಭಾನುವಾರಕ್ಕೆ ಗರುಡ, ಸೋಮವಾರಕ್ಕೆ ಹುಲಿ, ಮಂಗಳವಾರಕ್ಕೆ ಸಿಂಹ, ಬುಧವಾರ ಬೆಳಗ್ಗೆ ದಂತವಿರುವ ಆನೆ, ಮಧ್ಯಾಹ್ನದ ಮೇಲೆ ದಂತವಿಲ್ಲದ ಆನೆ, ಗುರುವಾರಕ್ಕೆ ಇಲಿ, ಶನಿವಾರಕ್ಕೆ ನಾಗ. ಭಕ್ತರು ತಮ್ಮ ವಾರದ ಮೂಲೆಯಲ್ಲಿರುವ ಬುದ್ಧನಿಗೆ ತಂಬಿಗೆಯಿಂದ ನೀರು ಹೊಯ್ಯುತ್ತಾರೆ. ಪ್ರವಾಸಿಗರೂ ಹೊಯ್ಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ತಾತಗಾರು ಹುಟ್ಟಿದ್ದು ಶನಿವಾರ. ಹದಿನೆಂಟು ವರ್ಷಗಳ ನಂತರ ಅಕ್ಕ ತಮ್ಮ ನಾಗನ ಮುಂದೆ ಅಪರಿಚಿತರಂತೆ ಪಕ್ಕಪಕ್ಕ ನಿಂತು ನೀರು ಹೊಯ್ದರು. ಅಕ್ಕ ಲುಂಗಿ ಉಟ್ಟು, ಕೆನ್ನೆಗೆ ತನಾಖಾ ಮರದ ಗಂಧ ಹಚ್ಚಿಕೊಂಡು, ನೋಡಲು ಪೂರ್ತಿ ಬರ್ಮೀಯರಂತೆಯೇ ಇದ್ದರು. "ಸುತ್ತ ಹತ್ತು ಜನ ಟೂರಿಸ್ಟರು ಫೋಟೋ ಹೊಡೀತಿದ್ದರು ಬಾಬೂ, ನನ್ನನ್ನೂ ಅವರಲ್ಲಿ ಒಬ್ಬ ಅಂದುಕೊಂಡಿರಬೇಕು. ಅಮ್ಮ ಕೊನೆಗೆ ಏನಂದಳು ಅಂತ ಅಕ್ಕ ಕೇಳಿದಳು. ನೀರು ಹೊಯ್ತಾ ಹೊಯ್ತಾನೇ ಹೇಳಿದೆ" ಎಂದು ತಾತಗಾರು ನಮಗೆ ಹೇಳಿದರು. ಆವಕಾಯಿ ಜಾಡಿ ಚೀಲದಿಂದ ಚೀಲಕ್ಕೆ ದಾಟಿತು. ಮರುದಿನ ಚಹಾದ ಅಂಗಡಿಯಲ್ಲಿ ಅರ್ಧ ಗಂಟೆ, ಮತ್ತೊಂದು ದಿನ ಮಾರುಕಟ್ಟೆಯಲ್ಲಿ ಸ್ವಲ್ಪ ಹೊತ್ತು. ಉಳಿದ ದಿನಗಳಲ್ಲಿ ಅವರು ಎಲ್ಲರಂತೆ ಊರು ನೋಡಿದರು.

ನೋಡಿದ ಊರಾದರೂ ಎಂಥದು! ಅವರ ತಂದೆ ಬಾಯಲ್ಲಿ ಹೇಳುತ್ತಿದ್ದ ಡಾಲ್‌ಹೌಸಿ ಸ್ಟ್ರೀಟ್ ಮಹಾಬಂಡೂಲ ರಸ್ತೆಯಾಗಿತ್ತು, ಫ್ರೇಜರ್ ಸ್ಟ್ರೀಟ್ ಅನೋರಥ ರಸ್ತೆಯಾಗಿತ್ತು, ಮೊಗಲ್ ಸ್ಟ್ರೀಟ್ ಶ್ವೇಬೊಂತಾ ಆಗಿತ್ತು. ಪರರಾಜ್ಯದವರಿಟ್ಟ ಹೆಸರನ್ನು ಅಳಿಸುವುದು ನ್ಯಾಯವೇ. 1970ರಲ್ಲಿ ನೆ ವಿನ್ ವಾಹನಗಳೆಲ್ಲ ರಸ್ತೆಯ ಎಡಗಡೆ ಬಿಟ್ಟು ಬಲಗಡೆ ಓಡಬೇಕೆಂದು ಅಪ್ಪಣೆ ಮಾಡಿದ್ದರು. ಗಾಡಿಗಳು ಮಾತ್ರ ಹಳೆಯವೇ. ಬಸ್ಸಿನ ಬಾಗಿಲು ನಡುರಸ್ತೆಗೆ ತೆರೆಯುತ್ತಿತ್ತು. 1987ರ ಸೆಪ್ಟೆಂಬರಿನಲ್ಲಿ 25, 35, 75 ಕ್ಯಾತಿನ ನೋಟುಗಳನ್ನು ದಿಢೀರನೆ ರದ್ದು ಮಾಡಿದರು. ಅದೇ ವರ್ಷ 45 ಮತ್ತು 90 ಕ್ಯಾತಿನ ನೋಟುಗಳು ಬಂದವು. ಒಂಬತ್ತು ನೆ ವಿನ್‌ರಿಗೆ ಶುಭಸಂಖ್ಯೆಯಂತೆ! ಪ್ರವಾಸಿಗರಿಗೆ ಇವೆಲ್ಲ ಊರಿಗೆ ಹೋಗಿ ಹೇಳಲು ಮೋಜಿನ ಸಂಗತಿಗಳು. ಕಾಲೇಜಿನ ಶುಲ್ಕ ಕಟ್ಟಲು ಕೂಡಿಟ್ಟ ಹಣ ರಾತ್ರೋರಾತ್ರಿ ಕಾಗದವಾದ ವಿದ್ಯಾರ್ಥಿಗೆ ಮೋಜಲ್ಲ.

ಆ ವಿದ್ಯಾರ್ಥಿಗಳೇ 1988ರಲ್ಲಿ ಬೀದಿಗೆ ಇಳಿದರು. ಆಗಸ್ಟ್ 8ರಂದು ಆರಂಭವಾದ ಚಳವಳಿಯನ್ನು ಸೆಪ್ಟೆಂಬರಿನಲ್ಲಿ ಸೇನೆ ಗುಂಡಿನಿಂದ ಅಡಗಿಸಿತು. ಸತ್ತವರು ಮೂರು ಸಾವಿರ ಎಂಬ ಅಂದಾಜಿದೆ. ದೇಶದ ಬಾಗಿಲು ಕೆಲಕಾಲ ಮುಚ್ಚಿತು. 1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷ 485ರಲ್ಲಿ 392 ಸ್ಥಾನ ಗೆದ್ದರೂ ಅಧಿಕಾರ ಸಿಗಲಿಲ್ಲ. ಅವರು ಆ ಮೊದಲೇ ಗೃಹಬಂಧನದಲ್ಲಿದ್ದರು. (ಇವರ ತಾಯಿ ದೆಹಲಿಯಲ್ಲಿ ರಾಯಭಾರಿಯಾಗಿದ್ದಾಗ ಸೂ ಕಿ ಓದಿದ್ದು ಲೇಡಿ ಶ್ರೀರಾಮ್ ಕಾಲೇಜಿನಲ್ಲಿ.) ಅದೇ ಸೇನೆ ಕೆಲವೇ ವರ್ಷಗಳಲ್ಲಿ ಪ್ರವಾಸಿಗರನ್ನು ಕೈಬೀಸಿ ಕರೆಯತೊಡಗಿತು. 1993ರಿಂದ ವಿಮಾನ ನಿಲ್ದಾಣದಲ್ಲಿ ಇಳಿದವರು ಇನ್ನೂರು ಡಾಲರು, ಮುಂದೆ ಮುನ್ನೂರು, ಕಡ್ಡಾಯವಾಗಿ ಸರಕಾರದ ಬೇರೊಂದು ಬಗೆಯ ನೋಟಿಗೆ ಬದಲಿಸಬೇಕೆಂಬ ನಿಯಮ ಬಂತು. 1996ರ ನವೆಂಬರಿನಲ್ಲಿ 'ಮ್ಯಾನ್ಮಾರ್ ಸಂದರ್ಶನ ವರ್ಷ' ಆರಂಭವಾಯಿತು. ಅದಕ್ಕಾಗಿ ಮಂಡಾಲೆ ಅರಮನೆಯ ಕಂದಕದ ಹೂಳನ್ನು ಊರಿನವರಿಂದ ಬಿಟ್ಟಿಯಾಗಿ ತೆಗೆಸಿದ ಸುದ್ದಿ ಪ್ರಪಂಚದಲ್ಲೆಲ್ಲ ಹಬ್ಬಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತನಿಖಾ ಆಯೋಗ 1998ರ ವರದಿಯಲ್ಲಿ ಬರ್ಮಾದಲ್ಲಿ ಬಿಟ್ಟಿ ದುಡಿಮೆ ವ್ಯಾಪಕವೆಂದು ಸ್ಪಷ್ಟವಾಗಿ ಹೇಳಿತು.

ಪ್ರವಾಸಿಗರು ಈಗ ಬರಬೇಡಿ ಎಂದು ಸೂ ಕಿ ಕೇಳಿಕೊಂಡರು. ಹೋಗಬೇಕೆ, ಬಿಡಬೇಕೆ ಎಂಬ ಚರ್ಚೆ ಹದಿನೈದು ವರ್ಷ ನಡೆಯಿತು. ಹೋದವರು ಬೀದಿಬದಿಯ ಅಂಗಡಿಯವನಿಗೆ ನಾಲ್ಕು ಕಾಸು ಸಿಗುತ್ತದೆ, ಹೊರಗಿನವರ ಕಣ್ಣು ಇದ್ದರೆ ಸೇನೆಯೂ ಸ್ವಲ್ಪ ಅಂಜುತ್ತದೆ ಎಂದರು. ಬಿಟ್ಟವರು ನಿಮ್ಮ ಡಾಲರು ಬಂದೂಕಾಗುತ್ತದೆ ಎಂದರು. ನಮ್ಮ ಅಭಿಪ್ರಾಯದಲ್ಲಿ ಎರಡೂ ನಿಜ. ದುಡ್ಡು ಯಾವ ಬಾಬಿಗೆ ಜಮೆಯಾಗುತ್ತದೆ ಎಂದು ನೋಡುವುದು ಗುಮಾಸ್ತರ ಬುದ್ಧಿ ಎಂದು ನಗುವವರು ನಗಲಿ. ಆ ಕಡ್ಡಾಯದ ನೋಟಿನ ಡಾಲರು ಚಹಾದ ಅಂಗಡಿಗೆ ಹೋಗಲಿಲ್ಲ ಎಂಬುದಂತೂ ಖಂಡಿತ.

ಪಗಾನಿನ ಕಥೆಯನ್ನೇ ನೋಡಿ. ಐರಾವತಿಯ ದಡದ ಬಯಲಿನಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಇಟ್ಟಿಗೆಯ ಗುಡಿಗಳು, ಅವುಗಳ ನಡುವೆ ತಲೆಮಾರುಗಳಿಂದ ಜನ ವಾಸಿಸುತ್ತಿದ್ದರು. 1990ರಲ್ಲಿ ಅವರನ್ನೆಲ್ಲ ಎಬ್ಬಿಸಿ ಕೆಲವು ಮೈಲಿ ಆಚೆ ಕಡಲೆಕಾಯಿ ಹೊಲಗಳಲ್ಲಿ 'ಹೊಸ ಪಗಾನ್' ಮಾಡಿ ಇರಿಸಿದರು. ಪ್ರವಾಸಿಗೆ ಕಾಣುವುದು ಜನರಿಲ್ಲದ ಪ್ರಶಾಂತ ಬಯಲು, ಸೂರ್ಯಾಸ್ತದಲ್ಲಿ ಮನಮೋಹಕ. ಆ ಪ್ರಶಾಂತತೆ ಎಲ್ಲಿಂದ ಬಂತೆಂದು ಕರಪತ್ರ ಹೇಳುವುದಿಲ್ಲ. ಉಕ್ಕಿನ ಕಾರ್ಖಾನೆಗಾಗಿ ಊರು ಬಿಟ್ಟವರ ನಡುವೆ ಬಾಳುತ್ತಿರುವ ಗಾಜುವಾಕದವರಿಗೆ ಇದು ಅರ್ಥವಾಗುವ ಮಾತು, ಆದರೆ ನಮ್ಮಲ್ಲಿ ಕೋರ್ಟಿಗೆ ಹೋಗುವ, ಧರಣಿ ಕೂರುವ ದಾರಿಯಾದರೂ ಇತ್ತು.

ಮಂಡಾಲೆಯಲ್ಲಿಯೂ ಹೀಗೆಯೇ. ಲೋಕಮಾನ್ಯ ತಿಲಕರು 1908ರಿಂದ 1914ರವರೆಗೆ ಸೆರೆಯಲ್ಲಿದ್ದು 'ಗೀತಾರಹಸ್ಯ' ಬರೆದದ್ದು ಅಲ್ಲಿ. ಅದನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರ ವೆಂಕಟರಾಯರು. ಆ ಸೆರೆಮನೆ ಇದ್ದದ್ದು ಹಳೆಯ ಅರಮನೆಯ ಕೋಟೆಯೊಳಗೆ. ಅರಮನೆ 1945ರ ಯುದ್ಧದಲ್ಲಿ ಸುಟ್ಟುಹೋಯಿತು. 1990ರ ದಶಕದಲ್ಲಿ ಸೇನಾ ಸರಕಾರ ಕಾಂಕ್ರೀಟು, ತಗಡು ಬಳಸಿ ಅದನ್ನು ಮತ್ತೆ ಎಬ್ಬಿಸಿತು. ಪರದೇಶಿಯರಿಗೆ ಪೂರ್ವದ ಬಾಗಿಲೊಂದೇ. ಅಲ್ಲಿಂದ ನೇರ ದಾರಿಯಲ್ಲಿ ಹೋಗಿ ಹೊಸ ಅರಮನೆ ನೋಡಿ ನೇರ ವಾಪಸಾಗಬೇಕು. ಕೋಟೆಯ ಉಳಿದ ಭಾಗವೆಲ್ಲ ಸೇನೆಯ ಪಾಳೆಯ. ತಿಲಕರ ಸೆರೆಮನೆಯ ಜಾಗವನ್ನು ಕಣ್ಣಾರೆ ಕಂಡು ಕೈಮುಗಿಯಬೇಕೆಂದು ಹೋದ ಭಾರತೀಯನು ಕಾಂಕ್ರೀಟು ಸಿಂಹಾಸನಕ್ಕೆ ಕೈಮುಗಿದು ಬರಬೇಕಾಗುತ್ತಿತ್ತು.

ಹಾಗೆಂದು ಅಲ್ಲಿ ಕಾಣುವುದೆಲ್ಲ ನಾಟಕ ಎನ್ನುವುದೂ ತಪ್ಪು. ಬೆಳಗಿನ ಜಾವ ಮೀನಿನ ಸಾರಿನಲ್ಲಿ ಶಾವಿಗೆ ಹಾಕಿ ಕೊಡುವ ಮೊಹಿಂಗಾ ಯಾವ ಸರಕಾರದ ಅಪ್ಪಣೆಯಿಂದಲೂ ಹುಟ್ಟಿದ್ದಲ್ಲ. ರಂಗೂನಿನ ಬೀದಿಯಲ್ಲಿ ಮಾರುವ 'ತೊಶೆ' ನಮ್ಮ ದೋಸೆಯೇ. ಕಾಳಿಕಾಂಬೆಯ ಗುಡಿಯ ಗೋಪುರ ನೋಡಿದರೆ ದಕ್ಷಿಣದವರು ಕಟ್ಟಿದ್ದೆಂದು ಕೇಳದೆಯೇ ತಿಳಿಯುತ್ತದೆ. ಅವರ ಲಿಪಿಯೂ ದಕ್ಷಿಣ ಭಾರತದಿಂದ ಹೋದದ್ದು. ಅದರ ಮೂಲ ಕದಂಬ ಲಿಪಿ ಎಂದು ಕೆಲವು ವಿದ್ವಾಂಸರೂ ಪಲ್ಲವ ಲಿಪಿ ಎಂದು ಕೆಲವರೂ ವಾದಿಸುತ್ತಾರೆ. ವಾದ ಹೇಗೇ ತೀರ್ಮಾನವಾಗಲಿ, ಅವರ ಗಕಾರ ನಮ್ಮ ಗಕಾರದ ತಲೆಕಟ್ಟು ತೆಗೆದಂತಿದೆ. ಬಸ್ಸಿನ ಹಲಗೆಯ ಮೇಲಿನ ಗುಂಡುಗುಂಡು ಅಕ್ಷರಗಳನ್ನು ಓದಿಯೇಬಿಡಬಹುದೇನೋ ಎಂದು ಕನ್ನಡಿಗನಿಗೆ ಅನ್ನಿಸದಿರದು.

2011ರ ನಂತರ ಕೆಲವು ವರ್ಷ ಗಾಳಿ ಬದಲಾಯಿತು. ಸೂ ಕಿಯವರ ಪಕ್ಷವೇ ಪ್ರವಾಸಿಗರು ಬರಲಿ ಎಂದಿತು, 2015ರಲ್ಲಿ ಚುನಾವಣೆ ಗೆದ್ದು ಸರಕಾರ ಮಾಡಿತು. ರಾತ್ರಿ ಉಳಿಯುವ ನೆಂಟರ ಹೆಸರು ಬರೆಸುವ ಕಾನೂನೂ ಹೋಯಿತು. ಇದೇ ಕಾಲದಲ್ಲಿ, 2017ರಲ್ಲಿ, ಅರಕಾನಿನಿಂದ ಏಳು ಲಕ್ಷ ರೋಹಿಂಗ್ಯಾ ಮುಸಲ್ಮಾನರು ಬಾಂಗ್ಲಾದೇಶಕ್ಕೆ ಓಡಿದರು. 1823ಕ್ಕೆ ಮುಂಚಿನಿಂದ ನೆಲೆಸಿದ ಜನಾಂಗದವರೇ ಪೂರ್ಣ ನಾಗರಿಕರು ಎಂಬ 1982ರ ಕಾನೂನನ್ನು ಯಾರೂ ತೆಗೆದುಹಾಕಲಿಲ್ಲ. ಚುನಾಯಿತ ಸರಕಾರವೂ ಈ ವಿಷಯದಲ್ಲಿ ಸೇನೆಯ ಪಕ್ಕದಲ್ಲೇ ನಿಂತಿತು.

2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಹಿಡಿಯಿತು. ಎರಡು ವಾರ ಕಳೆಯುವುದರೊಳಗೆ ನೆಂಟರ ಹೆಸರು ಬರೆಸುವ ಕಾನೂನು ಮರಳಿ ಬಂತು. ಆಗ ಪ್ರವಾಸಿಗರಿಗೆ ತೋರಿಸುವ ಸಂಸ್ಕೃತಿಯೇ ಜನರ ಕೈಯ ಆಯುಧವಾಯಿತು. ಮನೆಯಿಂದ ದುಷ್ಟಶಕ್ತಿಯನ್ನು ಓಡಿಸಲು ಪಾತ್ರೆ ಬಡಿಯುವುದು ಅಲ್ಲಿನ ಹಳೆಯ ಪದ್ಧತಿ. ಪ್ರತಿ ರಾತ್ರಿ ಎಂಟು ಗಂಟೆಗೆ ಊರಿಗೆ ಊರೇ ಪಾತ್ರೆ ಬಡಿಯಿತು. ಹೆಂಗಸರು ಉಡುವ ಲುಂಗಿಯ ಕೆಳಗೆ ಹಾದುಹೋದರೆ ಗಂಡಸಿನ ತೇಜಸ್ಸು ಕುಂದುತ್ತದೆಂಬ ನಂಬಿಕೆ ಅವರಲ್ಲಿದೆ. ಮಾರ್ಚ್ ತಿಂಗಳಲ್ಲಿ ರಂಗೂನಿನ ಹೆಂಗಸರು ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ತಮ್ಮ ಲುಂಗಿಗಳನ್ನು ಸಾಲಾಗಿ ನೇತುಹಾಕಿದರು. ಬಂದೂಕು ಹಿಡಿದ ಸೈನಿಕರು ಲಾರಿ ನಿಲ್ಲಿಸಿ, ಮೇಲೆ ಹತ್ತಿ, ಒಂದೊಂದನ್ನೇ ಬಿಚ್ಚಿದ ಮೇಲೆ ಮುಂದೆ ಹೋದರು. ಆ ಲುಂಗಿಗಳು ಇಪ್ಪತ್ತು ಹೆಜ್ಜೆ ದಾಟಲು ಸೈನಿಕರಿಗೆ ಎಷ್ಟು ಹೊತ್ತು ಹಿಡಿಸಿದವೋ, ಅಷ್ಟು ಹೊತ್ತಿನಲ್ಲಿ ಆಚೆ ಬೀದಿಯ ಹುಡುಗರು ತಪ್ಪಿಸಿಕೊಂಡು ಹೋಗಬಹುದಾಗಿತ್ತು.

2022ರ ಮೇ ತಿಂಗಳಲ್ಲಿ ಪ್ರವಾಸಿ ವೀಸಾ ಮತ್ತೆ ಆರಂಭವಾಯಿತು. ಅದಕ್ಕೆ ಒಂದು ತಿಂಗಳು ಮುಂಚೆ, ಏಪ್ರಿಲಿನಲ್ಲಿ, ಬರ್ಮೀಯರ ಹೊಸವರ್ಷದ ನೀರೆರಚುವ ಹಬ್ಬ ತಿಂಜಾನ್ ಬಂದಿತ್ತು. ಸೇನಾ ಸರಕಾರ ಮಂಟಪ ಹಾಕಿಸಿ, ಕೊಳಾಯಿ ಎಳೆಸಿ, ಹಾಡುಗಾರರನ್ನು ಕರೆಸಿತು. ಊರಿನವರು ಬಾಗಿಲು ಹಾಕಿಕೊಂಡು ಮನೆಯಲ್ಲೇ ಕುಳಿತರು. ತಾತಗಾರು ಆ ಸುದ್ದಿಯನ್ನು ಮೊಮ್ಮಗನ ಫೋನಿನಲ್ಲಿ ನೋಡಿದರು. ಖಾಲಿ ಮಂಟಪದ ಹಿಂದಿನ ರಸ್ತೆ ಯಾವುದೆಂದು ಗುರುತು ಹಿಡಿದು, ಅದರ ಹಳೆಯ ಹೆಸರನ್ನೂ ಹೇಳಿದರು.